ಹೊರಗಿದ್ದವಳು

"ಈ ಮೆಟ್ಲನ್ನ ಯಾವ ಪುಣ್ಯಾತ್ಮ ಕಟ್ಟಿಸ್ದನೋ?"

ನಂಜನಗೂಡಿನಲ್ಲಿ ಎಸ್‌ಟಿಡಿ ಬೂತಿನ ಪಕ್ಕದ ನರ್ಸಿಂಗ್ ಹೋಮಿನ ಮುಂದೆ ನಿಂತು ಸಾಕಮ್ಮ ಕೇಳಿದ್ದು ಯಾರನ್ನೂ ಅಲ್ಲ. ಪಕ್ಕದಲ್ಲಿ ಮೂರು ಗಾಲಿಯ ಸೈಕಲ್ಲಿನ ಮೇಲೆ ಮೊಮ್ಮಗಳು ರಂಜಿನಿ ಕೂತಿದ್ದಳು. ಹದಿನಾರರ ಹುಡುಗಿ. ಹುಟ್ಟಿನಿಂದ ಕಾಲಿಗೆ ಬಲವಿಲ್ಲ, ನಾಲಿಗೆಗೆ ಅವಸರವಿಲ್ಲ. ಪುರಾಣ ಓದುವವರು ಒಂದೊಂದು ಪದವನ್ನೂ ಎಳೆದು ನಿಲ್ಲಿಸಿ ಹೇಳುವಂತೆ ಅವಳ ಮಾತು. ಕಾದು ಕೇಳಿದರೆ ಎಲ್ಲ ಅರ್ಥವಾಗುತ್ತಿತ್ತು. ಕಾಯುವವರೇ ಕಡಿಮೆ.

ನರಸೀಪುರದ ಡಾಕ್ಟರೊಬ್ಬರು ಅವಳ ಮುಖವನ್ನೂ ನೋಡದೆ, ಸೋದರಮಾವ ನಿಂಗರಾಜುವಿನ ಕಡೆ ತಿರುಗಿ, "ಇಂಥ ಮಕ್ಕಳಿಗೆ ಗರ್ಭಚೀಲ ತೆಗೆಸಿಬಿಡೋದೇ ವಾಸಿ" ಎಂದಿದ್ದರು. ನಿಂಗರಾಜುವಿಗೆ ಆ ಮಾತು ಬಲು ಹಿಡಿಸಿತ್ತು. ಅವನ ತಾಯಿ ಸಾಕಮ್ಮನಿಗೆ ಹಿಡಿಸಿರಲಿಲ್ಲ. ಅದಕ್ಕೇ ಮೂಗೂರಿನಿಂದ ಮೂವರೂ ಲಗೇಜ್ ಆಟೋದಲ್ಲಿ, ಸೈಕಲ್ ಸಮೇತ, ಇಲ್ಲಿಗೆ ಬಂದದ್ದು. ಸಂಜೆ ಅದೇ ಸೈಕಲ್ಲಿನಲ್ಲಿ ನಿಂಗರಾಜು ಭತ್ತದ ಮೂಟೆಯನ್ನು ಮಿಲ್ಲಿಗೆ ಒಯ್ಯಬೇಕಿತ್ತು. ಬೇಕೆಂದಾಗಲೆಲ್ಲ ಒಯ್ಯುತ್ತಿದ್ದ. ಅವನು ಬರುವವರೆಗೆ ರಂಜಿನಿ ಜಗಲಿಯ ಮೇಲೆ ಕೂತಿರಬೇಕು.

ಸಾಕಮ್ಮ ಒಬ್ಬಳೇ ಮೆಟ್ಟಿಲು ಹತ್ತಿ ಒಳಗೆ ಹೋದಳು.

"ಪೇಷೆಂಟ್ ಎಲ್ಲಮ್ಮ?" ಎಂದಳು ನರ್ಸ್ ಗುರುಸಿದ್ದಮ್ಮ.

"ಒರಗವ್ಳೆ."

"ಎಷ್ಟೊತ್ತಿಂದ?"

"ಉಣ್ಣಿಮೆಯಿಂದ ಕಣವ್ವ."

"ಹುಣ್ಣಿಮೆಯಿಂದ ನಮ್ಮ ಬಾಗಿಲಲ್ಲಾ? ಅಯ್ಯೋ, ಊಟ ತಿಂಡಿ?"

"ತಿಂತಾಳೆ, ಮೈಗತ್ತಾಕಿಲ್ಲ. ಬಟ್ಟೆ ಒಗ್ದೂ ಒಗ್ದೂ ನನ್ ಕೈ ಬಿದ್ದೋಯ್ತು."

ಗುರುಸಿದ್ದಮ್ಮನಿಗೆ ಆಗ ಹೊಳೆಯಿತು, ಇದು ಬಾಗಿಲ ಹೊರಗಲ್ಲ, ತಿಂಗಳ ಹೊರಗು. ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಳು. ಬಾಗಿಲಿಂದ ಇಣುಕಿ, ಮೆಟ್ಟಿಲ ಕೆಳಗೆ ಸೈಕಲ್ಲಿನ ಮೇಲೆ ಕೂತಿದ್ದ ರಂಜಿನಿಯನ್ನು ನೋಡಿದಳು.

"ಹಂಗಾದ್ರೆ ಎರಡು ಥರಾನೂ ಹೊರಗೇ ಅನ್ನಿ. ಹಿಂದ್ಗಡೆ ಜನರೇಟರ್ ತಂದ ಇಳಿಜಾರು ಐತೆ. ಅದು ಬಂದ ದಾರೀಲಿ ನಿಮ್ ಹುಡುಗಿ ಬರಲ್ವಾ?"

ಬಂದಳು. ಡಾಕ್ಟರಮ್ಮ ಮೊದಲು ರಂಜಿನಿಯ ಮುಖ ನೋಡಿದರು. ಆಮೇಲೆ, "ಅಜ್ಜಿ, ನೀವು ಸ್ವಲ್ಪ ಹೊರಗಿರಿ" ಎಂದರು.

"ನಾನಾ? ನಾನು ಒರಗಾಗದು ನಿಂತು ಯಾವ ಕಾಲ ಆಯ್ತು ತಾಯಿ!"

ರಂಜಿನಿ ನಕ್ಕ ರಭಸಕ್ಕೆ ಸೈಕಲ್ಲಿನ ಬೆಲ್ಲೂ ಕಿಣಿಗುಟ್ಟಿತು.

ಬಾಗಿಲು ಮುಚ್ಚಿತು. ನೋವು ಎಲ್ಲಿ, ಹೇಗೆ ಎಂದು ಡಾಕ್ಟರಮ್ಮ ಅವಳನ್ನೇ ಕೇಳಿ, ಉತ್ತರ ಬರುವವರೆಗೆ ಕಾದರು. ಪರೀಕ್ಷೆ ಮುಗಿಸಿ ಬಾಗಿಲು ತೆರೆದಾಗ ಸಾಕಮ್ಮನಿಗಿಂತ ಮೊದಲು ನಿಂಗರಾಜು ನುಗ್ಗಿದ.

"ಹೆಚ್ಚು ದಿನ ಸ್ರಾವವಾಗಿ ರಕ್ತ ಕಮ್ಮಿಯಾಗಿದೆ. ಈ ವಯಸ್ಸಲ್ಲಿ ಹೀಗಾಗೋದುಂಟು. ಮಾತ್ರೆಗೆ ನಿಲ್ಲುತ್ತೆ, ಆಪರೇಷನ್ ಬೇಕಿಲ್ಲ" ಎಂದರು ಡಾಕ್ಟರಮ್ಮ.

"ಸೈನ್ ನಾನಾಕ್ತೀನಿ ಮೇಡಂ, ಆ ಚೀಲ ತೆಗ್ದೇಬುಡಿ. ತಿಂಗ್ಳು ತಿಂಗ್ಳೂ ಯಾರ್ ಒಗೀತಾರೆ?"

"ನೀನಂತೂ ಒಗ್ದಿಲ್ಲ ಕಣ್ಲಾ" ಎಂದಳು ಸಾಕಮ್ಮ.

"ಚೀಲ ಅವಳದು. ಅವಳನ್ನೇ ಕೇಳಿ" ಎಂದರು ಡಾಕ್ಟರಮ್ಮ.

ನಿಂಗರಾಜು ಗಂಟಲು ಸರಿಮಾಡಿಕೊಂಡ. ಸೈಕಲ್ಲು ಒಯ್ಯುವಾಗಲೂ ಅವಳನ್ನು ಕೇಳಿದವನಲ್ಲ.

"ಏನವ್ವ ರಂಜಿನಿ, ತೆಗೆಸ್ಬುಡಾನಾ? ಬ್ಯಾಗ ಊಂ ಅನ್ನು, ಮಿಲ್ಲು ಮುಚ್ಬುಡ್ತಾರೆ."

ರಂಜಿನಿ ಬಾಯಿ ತೆರೆದಳು. ಮೊದಲ ಅಕ್ಷರಕ್ಕೇ ಹೊತ್ತು ಹಿಡಿಯಿತು. ಎಲ್ಲರೂ ಕಾದರು. ನಿಂಗರಾಜುವೂ ಕಾಯಬೇಕಾಯಿತು.

"ಚೀ...ಲಾನೂ ಕೊ...ಡಾಕಿಲ್ಲ ಮಾವ. ಸೈ...ಕಲ್ಲೂ ಕೊ...ಡಾಕಿಲ್ಲ."