ಭಜನೆಮನೆಯ ಹೊಸಿಲು

“ಬೆಳೆದದ್ದರಲ್ಲಿ ಹತ್ತನೇ ಪಾಲು ಚರ್ಚಿಗಾ ಮೇಷ್ಟ್ರೇ? ನಮ್ಮೂರ ಪೂಜಾರಪ್ಪನ ಕಿವಿಗೆ ಬೀಳ್ದಿರ್ಲಿ ಇದು,” ಎಂದಳು ಮುನಿಯಕ್ಕ. ಹೆಂಗಸರೆಲ್ಲ ನಕ್ಕರು.

ಚಾಮರಾಜಪೇಟೆಯ ಆ ಭಜನೆಮನೆಯಲ್ಲಿ ಸಂಜೆ ಹೊತ್ತು ಹೆಂಗಸರಿಗೆ ಪಾಠ; ಅಂದಿನದು ಮಧ್ಯಯುಗದ ಯೂರೋಪಿನ ಚರ್ಚಿನ ಪಾಠ. ಹೇಳಿಕೊಡುವವರು ನಿವೃತ್ತ ಮೇಷ್ಟ್ರು ಬದರೀನಾರಾಯಣ. ಯಮುನಾ ಮಾತ್ರ ನಗಲಿಲ್ಲ. ಹತ್ತನೇ ತರಗತಿಯಲ್ಲಿ ಅವಳಿಗೆ ಉಳಿದಿದ್ದುದು ಸಮಾಜ ವಿಜ್ಞಾನ ಒಂದೇ. ಮುಂದಿನ ವಾರದ ಪರೀಕ್ಷೆಯಲ್ಲಿ ಅದು ಪಾಸಾದರೆ ನರ್ಸ್ ತರಬೇತಿಗೆ ಅರ್ಜಿ ಹಾಕಬಹುದು. ಆದರೆ ಇನ್ನು ಮನೆಯಿಂದ ಹೊರಗೆ ಕಾಲಿಡಕೂಡದೆಂದು ಅಣ್ಣ ಕಾಳಪ್ಪ ಬೆಳಿಗ್ಗೆಯೇ ಹೇಳಿದ್ದ. ಅವಳು ಹೇಳದೆ ಕೇಳದೆ ಬಂದಿದ್ದಳು.

“ಹುಟ್ಟಿದ ಮಗುವಿಗೆ ಹೆಸರಿಡೋದು, ಮದುವೆ, ಮಣ್ಣು ಮಾಡೋದು, ಎಲ್ಲಾ ಚರ್ಚಿನದೇ,” ಎಂದರು ಮೇಷ್ಟ್ರು. “ರೋಗಿಗಳನ್ನ ನೋಡ್ಕೊಳ್ತಿದ್ದೋರೂ ಕ್ರೈಸ್ತ ಮಠದೋರೇ. ಇನ್ನೊಂದು ಕೇಳಿ. ರಾಜನ ಕಡೆಯೋರು ಅಟ್ಟಿಸ್ಕೊಂಡು ಬಂದ್ರೂ, ಚರ್ಚಿನ ಒಳಗೆ ಹೊಕ್ಕೋರನ್ನ ಎಳ್ಕೊಂಡು ಹೋಗೋ ಹಾಗಿರ್ಲಿಲ್ಲ. ಕೆಲವು ದಿನವಾದ್ರೂ ಅಲ್ಲಿ ಅವರು ಕ್ಷೇಮ.”

“ಯಮುನಾ, ಎದ್ದು ಬಾ.”

ಬಾಗಿಲಲ್ಲಿ ಕಾಳಪ್ಪ. ತರಗುಪೇಟೆಯಲ್ಲಿ ಮೂಟೆ ಹೊತ್ತ ಅಂಗಿಯ ಮೇಲೆ ಇನ್ನೂ ಬೇಳೆಯ ಧೂಳು. ಯಮುನಾ ಪುಸ್ತಕ ಮುಚ್ಚಿದಳು.

“ನಿಮ್ಮತ್ತಿಗೆ ತುಂಬಿದ ಬಸುರಿ, ಒಬ್ಳೇ ಒದ್ದಾಡ್ತಾವ್ಳೆ. ನಿನ್ಗೆ ಇಲ್ಲಿ ಯಾವ್ದೋ ದೇಶದ ಚರ್ಚು ಬೇಕಾ?”

ಮುನಿಯಕ್ಕ ಎದ್ದು ಹೋಗಿ ಹೊಸಿಲ ಮೇಲೇ ಕುಳಿತುಬಿಟ್ಟಳು. “ಒಳಕ್ಕೆ ಬಂದೋಳನ್ನ ಎಳೀಬಾರ್ದಂತೆ ಕಣಪ್ಪಾ. ಈಗಷ್ಟೇ ಪಾಠ ಆಯ್ತು.”

“ಅದು ಅವರ ಚರ್ಚಿನ ಮಾತು ಮುನಿಯಕ್ಕ.”

“ಇದು ನಮ್ಮ ರಾಮದೇವರ ಮನೆ. ಜಗಳ ಆಡೋದಿದ್ರೆ ಬೀದೀಲಿ ಆಡು. ಬರೋದಿದ್ರೆ ಚಪ್ಪಲಿ ಬಿಟ್ಟು ಬಾ.”

ಕಾಳಪ್ಪ ಒಳಗಿನ ರಾಮದೇವರ ಪಟದತ್ತ ನೋಡಿದ. ಆ ಮನೆಯೊಳಗೆ ಯಾರೂ ದನಿ ಏರಿಸುತ್ತಿರಲಿಲ್ಲ. ಅವನ ಅಪ್ಪ ಬದುಕಿದ್ದ ತನಕ ಶನಿವಾರ ಇಲ್ಲೇ ತಾಳ ಹಾಕುತ್ತಿದ್ದ. ಕಾಳಪ್ಪ ಚಪ್ಪಲಿ ಬಿಟ್ಟ. ಮುನಿಯಕ್ಕ ಸರಿದು ದಾರಿ ಕೊಟ್ಟಳು.

“ನಾಳೆಯಿಂದ ಪಾಠದ ಹೊತ್ತಿಗೆ ನಾನೇ ಹೋಗಿ ನಿಮ್ಮನೇಲಿ ಮುದ್ದೆ ತಿರುವ್ತೀನಿ,” ಎಂದಳು ಮೆಲ್ಲಗೆ. “ನನ್ಗೆ ಈ ವಯಸ್ನಲ್ಲಿ ಯಾವ ಪರೀಕ್ಷೆ? ಇವ್ಳದಾಗ್ಲಿ.”

ಐವತ್ತು ದಾಟಿದ ಮೇಲೆ ಅಕ್ಷರ ತಿದ್ದಿದವಳು ಮುನಿಯಕ್ಕ. ಒಂದು ಸಂಜೆಯೂ ಪಾಠ ತಪ್ಪಿಸಿಕೊಂಡವಳಲ್ಲ.

ಕಾಳಪ್ಪ ಕಂಬಕ್ಕೊರಗಿ ಕುಳಿತ. ಮೇಷ್ಟ್ರು ಬಿಟ್ಟಲ್ಲಿಂದ ಶುರುಮಾಡಿದರು. ಚರ್ಚಿನ ಗಂಟೆಯ ದನಿಗೇ ಊರು ಏಳುತ್ತಿದ್ದುದು, ಮಠದ ಬಾಗಿಲಲ್ಲಿ ಬಡವರಿಗೆ ರೊಟ್ಟಿ ಹಂಚುತ್ತಿದ್ದುದು. “ದಿನಾನೂ ಹಂಚ್ತಿದ್ರಾ ಸ್ವಾಮಿ?” ಎಂದು ಕಾಳಪ್ಪನೂ ಒಮ್ಮೆ ಕೇಳಿದ.

ಪಾಠ ಮುಗಿದು ಹೊರಬಿದ್ದಾಗ ತುಂತುರು ಹನಿ ಶುರುವಾಗಿತ್ತು. ಕಾಳಪ್ಪ ತಂಗಿಯ ಕೈಯಿಂದ ಸಮಾಜದ ಪುಸ್ತಕ ತೆಗೆದುಕೊಂಡು, ಅಂಗಿಯೊಳಗೆ ಎದೆಗೊತ್ತಿ ಇಟ್ಟುಕೊಂಡು, ಮುಂದೆ ಮುಂದೆ ನಡೆದ.