ಕಾಡಿಗೆಯ ಬೆರಳು

ನೇರಳೆ, ಇಲ್ಲಿ ನೇರಳೆ ಇರಬಾರದಿತ್ತು, ತಟ್ಟೆಯನ್ನು ಕಿಟಕಿಯ ಬೆಳಕಿಗೆ ಸ್ವಲ್ಪ ವಾಲಿಸುತ್ತೇನೆ, ಮೇಲಿನ ಸಾಲಿನಲ್ಲಿ ನೇರಳೆ ಸರಿ, ಅವು ಲ್ಯಾಬಿನಲ್ಲಿ ಬೆಳೆಸಿ ಕಾಡಿಗೆ ಇಟ್ಟ, ಬದುಕಿರುವ ಪದರಗಳು, ಬದುಕಿದ್ದರೆ ಹಳದಿ ದ್ರಾವಣವನ್ನು ಕುಡಿದು ನೇರಳೆ ಮಾಡುತ್ತವೆ, ಸತ್ತಿದ್ದರೆ ಬಿಳಿಯಾಗಿಯೇ ಉಳಿಯುತ್ತವೆ, ಇಷ್ಟೇ ನಮ್ಮ ವಿದ್ಯೆ — ಆದರೆ ಕೆಳಗಿನ ಸಾಲಿನವು ಸತ್ತವು, ಹೋದ ವಾರ ನಾನೇ ಬರೀ ನೀರಿನಲ್ಲಿಟ್ಟು ಸಾಯಿಸಿ ಫ್ರೀಜರಿನಲ್ಲಿ ಇಟ್ಟಿದ್ದವು, ಅವೂ ನೇರಳೆಯಾಗಿವೆ. ಕೆಳಗಿನ ಬೇಕರಿಯಿಂದ ಬನ್ನಿನ ವಾಸನೆ ಮೇಲೆ ಬರುತ್ತಿದೆ, ಅಂದರೆ ಎರಡೂವರೆ ದಾಟಿತು, ಮೂಡುಬಿದಿರೆಯ ಈ ಬೀದಿಗೆ ಅದೇ ಗಡಿಯಾರ. ಸತ್ತದ್ದು ಬಣ್ಣ ಮಾಡುವುದಿಲ್ಲ, ಹಾಗಾದರೆ ಬಣ್ಣ ಮಾಡಿದ್ದು ಕಾಡಿಗೆ, ನನ್ನ ಉಮ್ಮ ಬೀಪಾತುಮ್ಮನ ಕಾಡಿಗೆ ತಾನಾಗಿಯೇ ಹಳದಿಯನ್ನು ನೇರಳೆ ಮಾಡಿದೆ, ಬದುಕಿದವರ ಲೆಕ್ಕದಲ್ಲಿ ಸತ್ತವರನ್ನೂ ಸೇರಿಸಿದೆ. ಯಂತ್ರಕ್ಕೆ ಕೊಡುತ್ತೇನೆ, ಯಂತ್ರ ಹೇಳುತ್ತದೆ, ಮೇಲಿನದ್ದು ಎಂಬತ್ತೊಂದು, ಕೆಳಗಿನದ್ದು ನಲವತ್ತೇಳು, ಕಳೆದರೆ ಮೂವತ್ತನಾಲ್ಕು, ಅರವತ್ತು ದಾಟಿದರೆ ಮಾತ್ರ ಕಣ್ಣಿಗೆ ತೊಂದರೆಯಿಲ್ಲ ಎಂದು ಬರೆಯಬಹುದು. ಮೂವತ್ತನಾಲ್ಕು ಕುರುಡು ಮಾಡುತ್ತದೆ ಎಂದು ಹೇಳುವುದಿಲ್ಲ, ಮಾಡುವುದಿಲ್ಲ ಎಂದೂ ಹೇಳುವುದಿಲ್ಲ, ಸುರಕ್ಷಿತ ಎನ್ನುವ ಮಾತನ್ನು ನಿನ್ನ ಬಾಯಿಂದ ಆಡಬೇಡ ಎನ್ನುತ್ತದೆ ಅಷ್ಟೇ. ನಾನು ಆಡಿ ಆಗಿದೆ. ಹೋದ ವಾರವೇ ಆಡಿದ್ದೇನೆ, ಫೋನಿನಲ್ಲಿ, ಉಮ್ಮಾ, ನಿಮ್ಮದು ಪಾಸು, ಎಂಬತ್ತೊಂದು ಮಾರ್ಕು.

ಮೊದಲ ಸಲ ಕೆಳಗಿನ ಸಾಲನ್ನು ಇಟ್ಟಿರಲಿಲ್ಲ. ಫಾರಂನಲ್ಲಿ ಒಂದು ಪ್ರಶ್ನೆ ಉಂಟು, ವಸ್ತು ತಾನೇ ಬಣ್ಣ ಬದಲಿಸುತ್ತದೆಯೇ, ಬರೀ ದ್ರಾವಣಕ್ಕೆ ಹಾಕಿ ನೋಡಬೇಕು, ಕಪ್ಪಿನೊಳಗೆ ಏನು ಕಾಣುತ್ತದೆ, ನೋಡಿದ ಹಾಗೆ ಮಾಡಿ ಇಲ್ಲ ಎಂದು ಗುರುತು ಹಾಕಿದೆ — ಬೇರೆ ಯಾರ ಕಾಡಿಗೆಯಾದರೂ ಹಾಕುತ್ತಿದ್ದೆನೋ ಇಲ್ಲವೋ. ವರದಿಗೆ ಸಹಿ ಹಾಕಬೇಕಾದ ನಮ್ಮ ಶೇಖರ ಸರ್ ಕನ್ನಡಕ ಮೇಲೆತ್ತಿ ಕೇಳಿದರು, ಇದು ನಿನ್ನ ತಾಯಿಯದ್ದಲ್ಲವಾ, ಹೌದು ಸರ್, ಹಾಗಾದ್ರೆ ಎರಡೆರಡು ಸಲ ಮಾಡುವ ಮಾರಾಯ್ತಿ, ಕಪ್ಪು ವಸ್ತು, ಸತ್ತದ್ದರ ಮೇಲೂ ಇಟ್ಟು ನೋಡು, ನನಗೆ ಅವಸರ ಇಲ್ಲ. ಶೇಖರ ಸರ್‌ಗೆ ಯಾವುದಕ್ಕೂ ಅವಸರವಿಲ್ಲ, ಓದುವ ಕಾಲದಲ್ಲಿ ಅವರು ಕಣ್ಣಿನ ಪರೀಕ್ಷೆಗೆ ಮೊಲಗಳನ್ನು ಹಿಡಿದುಕೊಂಡವರು, ಮರದ ಪೆಟ್ಟಿಗೆಯಿಂದ ತಲೆ ಮಾತ್ರ ಹೊರಗೆ, ಕೆಳರೆಪ್ಪೆಯನ್ನು ಎಳೆದು ತೊಟ್ಟಿಯ ಹಾಗೆ ಮಾಡಿ ಅದರೊಳಗೆ ಶಾಂಪೂ ಬಿಡುವುದು, ಒಂದು ದಿನ ಚಹಾ ಕುಡಿಯುತ್ತ ಹೇಳಿದ್ದರು, ಮೊಲವನ್ನೇ ಯಾಕೆ ಆರಿಸಿದ್ದು ಗೊತ್ತುಂಟಾ, ಅದಕ್ಕೆ ಕಣ್ಣೀರು ಕಡಿಮೆ, ರೆಪ್ಪೆ ಹೊಡೆಯುವುದೂ ಕಡಿಮೆ, ಹಾಕಿದ್ದು ಹಾಕಿದಲ್ಲೇ ನಿಲ್ತದೆ. ಆಮೇಲೆ ಚಹಾ ಮುಗಿಸಿ ಲೋಟ ತೊಳೆದಿಟ್ಟರು. ಈಗ ಮೊಲವಿಲ್ಲ, ಯಾರೋ ದಾನ ಕೊಟ್ಟ ಚರ್ಮದ ಜೀವಕೋಶಗಳನ್ನು ಬೆಳೆಸಿ ಕಣ್ಣಿನ ಮೇಲ್ಪದರದ ಹಾಗೆ ಮಾಡಿದ ಬಿಲ್ಲೆಗಳು, ಅಂಗಿಯ ಗುಂಡಿಗಿಂತ ದೊಡ್ಡದಿಲ್ಲ, ಅವಕ್ಕೆ ರೆಪ್ಪೆಯೇ ಇಲ್ಲ, ನೋವೂ ಇಲ್ಲ, ಆರು ಗಂಟೆ ಹೊತ್ತು ಕಾಡಿಗೆಯನ್ನು ಹೊತ್ತುಕೊಂಡು ಸುಮ್ಮನಿರುತ್ತವೆ. ಮಡಂತ್ಯಾರಿನಲ್ಲಿ ಮಕ್ಕಳ ಬಟ್ಟೆ ಅಂಗಡಿಯ ಶಶಿಪ್ರಭಾ ಅಕ್ಕ ಉಮ್ಮನ ಕಾಡಿಗೆಯನ್ನು ಅಂಗಡಿಯಲ್ಲಿ ಮಾರಲಿಕ್ಕೆಂದು ಡಬ್ಬಿಗೆ ಚೀಟಿ ಮಾಡಿಸುವಾಗ ಪ್ರಾಣಿಗಳ ಮೇಲೆ ಪರೀಕ್ಷಿಸಿಲ್ಲ ಎಂದು ಬರೆಸುವ ಅಂದರು, ಈಗ ಎಲ್ಲರೂ ಅದನ್ನೇ ನೋಡ್ತಾರೆ ಬೀಪಾತುಮ್ಮ, ಅದಕ್ಕೆ ಉಮ್ಮ ಅಂಗಡಿಯ ಸ್ಟೂಲಿನಲ್ಲಿ ಕುಳಿತಲ್ಲಿಯೇ ನಕ್ಕು ನಕ್ಕು ಕೆಮ್ಮಿದಳು, ಪ್ರಾಣಿಗೆ ಯಾರು ಹಚ್ತಾರೆ ಮಾರಾಯ್ತಿ, ಬೆಕ್ಕಿಗೆ ಏನು ಮದುವೆ ಉಂಟಾ, ನಾನು ಹಚ್ಚಿದ್ದು ಎಲ್ಲ ಮನುಷ್ಯರಿಗೇ, ಬಂಟ್ವಾಳ ಪೇಟೆಯಲ್ಲಿ ಅರ್ಧ ಕಣ್ಣು ನಾನು ಬರೆದದ್ದು. ಸುಳ್ಳಲ್ಲ. ಹೊಳೆಬದಿಯ ನಮ್ಮ ಓಣಿಯಲ್ಲಿ ಮಗುವಿಗೆ ನಲವತ್ತನೆಯ ದಿನದ ಸ್ನಾನ ಆದರೆ ಮೊದಲ ಕಾಡಿಗೆ ಬೀಪಾತುಮ್ಮನ ಕೈಯಿಂದ, ಇವತ್ತು ನೌಫಲನ ಮಗುವಿಗೆ ನಲವತ್ತು, ನನ್ನ ತಮ್ಮನ ಮೊದಲ ಮಗು, ನೀನೂ ಬಾ ಎಂದಿದ್ದಳು, ಈ ತಟ್ಟೆಯನ್ನು ಓದಲಿಕ್ಕುಂಟು ಉಮ್ಮಾ, ಆಯಿತು ಓದು, ನಾವು ಅಸರ್‌ನ ಮೊದಲು ಮುಗಿಸ್ತೇವೆ. ಅಸರ್‌ನ ಮೊದಲು. ಸಂಜೆಯ ಆ ನಮಾಜಿಗೆ ಬಾಂಗು ನಾಲ್ಕರೊಳಗೆ, ಗೋಡೆಯ ಗಡಿಯಾರದಲ್ಲಿ ಮೂರು ಐದು.

ಯಾವುದು ಬಣ್ಣ ಮಾಡಿತು, ಪಟ್ಟಿಯನ್ನು ತೆಗೆಯುತ್ತೇನೆ, ನನ್ನದೇ ಅಕ್ಷರ, ಉಮ್ಮ ಹೇಳಿದ್ದನ್ನು ನಾನು ಬರೆದದ್ದು, ಹರಳೆಣ್ಣೆ, ಹತ್ತಿಬತ್ತಿ, ತುಪ್ಪ, ಪಚ್ಚಕರ್ಪೂರ ಒಂದು ಚಿಟಿಕೆ, ಎಣ್ಣೆ ಮಾಡುವುದಿಲ್ಲ, ತುಪ್ಪ ಮಾಡುವುದಿಲ್ಲ, ಮಸಿ ಕಪ್ಪು ಕೊಡುತ್ತದೆ, ಇಷ್ಟು ನೇರಳೆ ಕೊಡುವುದಿಲ್ಲ — ಡಬ್ಬಿಯ ಮುಚ್ಚಳ ತಿರುಗಿಸಿ ಮೂಸುತ್ತೇನೆ, ಕರ್ಪೂರ, ಕರ್ಪೂರದ ಹಿಂದೆ ಇನ್ನೇನೋ, ಹುಳಿ, ತೆಳ್ಳಗೆ ಹುಳಿ, ತಾರಸಿಯ ಮೇಲೆ ಹಿತ್ತಾಳೆಯ ಹರಿವಾಣ, ಅದರಲ್ಲಿ ಒಣಗುವ ಕಂದು ರಸ, ಕಾಗೆ ಬಾರದ ಹಾಗೆ ಕೋಲು ಹಿಡಿದು ಕುಳಿತ ನಾನು. ನೆಲ್ಲಿಕಾಯಿ. ನೆಲ್ಲಿಕಾಯಿ ರಸ ಒಣಗಿಸಿ ಪುಡಿ ಮಾಡಿ ಕೊನೆಗೆ ಬೆರಳಿನಿಂದ ಕಲಸುತ್ತಾಳೆ, ತಂಪಿಗೆ, ಇದನ್ನು ನಾನು ಹೇಗೆ ಮರೆತೆ, ಅವಳು ಹೇಗೆ ಹೇಳಲಿಲ್ಲ — ಏನೆಲ್ಲ ಹಾಕ್ತೀರಿ ಎಂದು ಕೇಳಿದಾಗ ಅವಳು ಚೀಲದಿಂದ ದಿನಸಿಯ ಚೀಟಿ ತೆಗೆದು ಓದಿದಳು, ಅಂಗಡಿಯಿಂದ ತಂದದ್ದು ಮಾತ್ರ ಅವಳಿಗೆ ಹಾಕುವುದು, ಹಿತ್ತಿಲಿನ ಮರದ್ದು ಹಾಕುವುದಲ್ಲ, ಅದು ಇರುವುದು, ಸಾರಿನ ಬಗ್ಗೆ ಹೇಳುವಾಗ ಯಾರೂ ನೀರನ್ನು ಹೇಳುವುದಿಲ್ಲವಲ್ಲ, ಹಾಗೆ. ನೆಲ್ಲಿಕಾಯಿಯ ಹುಳಿ ಹಳದಿಯನ್ನು ನೇರಳೆ ಮಾಡುತ್ತದೆ, ಬದುಕಿದ್ದು ಸತ್ತದ್ದು ನೋಡುವುದಿಲ್ಲ. ಮತ್ತು ಉರಿಯುತ್ತದೆ. ಅದು ಉರಿಯುತ್ತದೆ ಎಂದು ನನಗೆ ಯಾವ ಯಂತ್ರವೂ ಹೇಳಬೇಕಾಗಿರಲಿಲ್ಲ, ಶುಕ್ರವಾರ ಬೆಳಿಗ್ಗೆ ಚಾಪೆಯ ಮೇಲೆ ನನ್ನನ್ನು ಕೂರಿಸಿ ಉಮ್ಮ ಬಿಸ್ಮಿ ಹೇಳಿ ಸಂತರನ್ನು ಹಾಡುವ ಮಾಲೆಯ ಒಂದು ಪದ್ಯ ಎತ್ತುತ್ತಿದ್ದಳು, ಪದ್ಯಕ್ಕೆ ಮೂರು ಉಸಿರು, ಅರ್ಥ ಗೊತ್ತಿರಲಿಲ್ಲ, ಉಸಿರು ಎಲ್ಲಿ ಎಂದು ಗೊತ್ತಿತ್ತು, ಮೊದಲ ಉಸಿರಿಗೆ ಬೆರಳು ಡಬ್ಬಿಯಲ್ಲಿ, ಎರಡನೆಯದಕ್ಕೆ ಬೆರಳು ಗಾಳಿಯಲ್ಲಿ, ತುದಿ ಕಪ್ಪು, ಹೊಳೆಯುವ ಕಪ್ಪು, ಬಲಗಡೆಯಿಂದ ಬರುತ್ತ ಬರುತ್ತ ದೊಡ್ಡದಾಗಿ ಕೊನೆಗೆ ಬೆರಳು ಬಿಟ್ಟರೆ ಲೋಕದಲ್ಲಿ ಬೇರೆ ಏನೂ ಇಲ್ಲ, ಮೂರನೆಯ ಉಸಿರಿಗೆ ತಾಗುವುದು, ಪದ್ಯ ಮುಗಿಯುವವರೆಗೆ ರೆಪ್ಪೆ ಮುಚ್ಚಬಾರದು, ಮಾತಾಡಬಾರದು. ನೌಫಲ ಓಡಿ ಮಂಚದ ಅಡಿಗೆ ಹೋಗುತ್ತಿದ್ದ. ನಾನು ಮುಚ್ಚುತ್ತಿರಲಿಲ್ಲ, ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ನೀರು ಬರಲಿ ಮೋಲೇ, ನನ್ನ ಮಗಳೇ, ಕೊಳೆ ಹೋಗ್ತದೆ, ಓಣಿಯ ಹೆಂಗಸರಿಗೆ ತೋರಿಸುತ್ತಿದ್ದಳು, ನೋಡಿ, ನಮ್ಮ ರಿಫಾ ಕೇಳುವ ಮಗು. ಕೇಳುವ ಮಗು. ಪದ್ಯ ಅಷ್ಟು ಚಂದ ಇರುತ್ತಿತ್ತು, ಉರಿಯೂ ಪದ್ಯದ್ದೇ ಎಂದು ತಿಳಿದಿದ್ದೆ.

ಉಮ್ಮನಿಗೆ ಫೋನು ಮಾಡುತ್ತೇನೆ, ರಿಂಗಾಗುತ್ತಿದೆ, ಯಾರೂ ಎತ್ತುವುದಿಲ್ಲ, ಮತ್ತೆ ಮಾಡುತ್ತೇನೆ, ಮೂರು ಹದಿನಾಲ್ಕು, ಏನು ಹೇಳುವುದು, ನಿಮ್ಮ ಕಾಡಿಗೆ ಫೇಲು ಎಂದು ಹೇಳಬಹುದೇ, ಶಶಿಪ್ರಭಾ ಅಕ್ಕ ಚೀಟಿ ಅಚ್ಚಿಗೆ ಕೊಟ್ಟಾಗಿದೆ, ಚೀಟಿಯ ಮೇಲೆ ಉಮ್ಮನ ಹೆಸರು, ಅರವತ್ತೆರಡು ವರ್ಷಕ್ಕೆ ಮೊದಲ ಸಲ ಅವಳ ಹೆಸರು ಅಚ್ಚಾಗುವುದು, ಅದನ್ನೂ ಕೀಳಬೇಕು, ಎತ್ತಿದರು, ಹಲೋ, ಉಮ್ಮನ ದನಿಯಲ್ಲ, ಮಕ್ಕಳನ್ನು ಮೀಯಿಸುವ ರುಖಿಯಮ್ಮ, ಯಾರು ರಿಫಾನಾ, ಉಮ್ಮನ ಕೈ ಕಪ್ಪು, ಫೋನು ಮುಟ್ಟಲಿಕ್ಕಿಲ್ಲ, ನಾನು ಹಿಡ್ಕೊಂಡಿದ್ದೇನೆ, ಮಗು ಮಿಂದು ಚೊಕ್ಕ ಆಯ್ತು, ಒಂದು ಕಣ್ಣು ಬಿಟ್ಟು ಒಂದು ಮುಚ್ಚಿ ನೋಡ್ತದೆ, ಹಣೆ ನಿನ್ನ ಹಾಗೇ ನೋಡು, ನಾನು ಹೇಳುತ್ತೇನೆ, ರುಖಿಯಮ್ಮಾ, ಕಾಡಿಗೆಗೆ ನೆಲ್ಲಿಕಾಯಿ ಹಾಕಿದ್ದಾರಾ, ಹಾಕದೆ ಇರ್ತಾರಾ, ಈ ಸಲ ಒಂದು ಚಮಚ ಹೆಚ್ಚೇ, ಇನ್ನೇನು ಹೆದರಿಕೆ, ನಿಮ್ಮ ಲ್ಯಾಬಿನವರೇ ಪಾಸು ಮಾಡಿದ್ರಲ್ಲ. ಒಂದು ಚಮಚ ಹೆಚ್ಚು, ಹಾಗಾದರೆ ಮೂವತ್ತನಾಲ್ಕೂ ಹಳೆಯ ಮಾತು, ಉಮ್ಮನಿಗೆ ಕೊಡಿ ಎನ್ನುತ್ತೇನೆ, ಇರು, ಸ್ಪೀಕರಿಗೆ ಹಾಕ್ತೇನೆ, ನೀನೂ ಕೇಳು, ನೀನು ಕೇಳುವವಳಲ್ಲವಾ — ಫೋನನ್ನು ಎಲ್ಲಿಯೋ ಇಡುವ ಸದ್ದು, ಬಳೆ, ಮಗುವಿನ ಒಂದು ಸಣ್ಣ ಬಿಕ್ಕು, ಬಿಸ್ಮಿ, ಆಮೇಲೆ ಪದ್ಯ, ಅದೇ ಪದ್ಯ, ಹಳೆಯ ದನಿ ಸ್ವಲ್ಪ ಒಡೆದಿದೆ, ರಾಗ ಎಲ್ಲಿಯೂ ಜಾರಿಲ್ಲ, ನನ್ನ ಬೆನ್ನು ತಾನಾಗಿಯೇ ನೆಟ್ಟಗಾಗುತ್ತದೆ, ರೆಪ್ಪೆ ನಿಲ್ಲುತ್ತದೆ, ಬಾಯಿ ಮುಚ್ಚುತ್ತದೆ, ಮೂವತ್ತೊಂದು ವರ್ಷದ ಬಾಯಿ, ಪದ್ಯದ ನಡುವೆ ಅದು ಒಮ್ಮೆಯೂ ತೆರೆದದ್ದಿಲ್ಲ, ಮೊದಲ ಉಸಿರು, ಬೆರಳು ಡಬ್ಬಿಯಲ್ಲಿ, ಮಗುವಿಗೆ ಓಡಲಿಕ್ಕೆ ಬರುವುದಿಲ್ಲ, ತಲೆ ಮಾತ್ರ ಬಟ್ಟೆಯಿಂದ ಹೊರಗೆ, ನಲವತ್ತು ದಿನಕ್ಕೆ ಕಣ್ಣೀರೂ ಸರಿಯಾಗಿ ಬರುವುದಿಲ್ಲವಂತೆ, ರಾಗ ಮೇಲೆ ಹೋಗುತ್ತದೆ, ಎಷ್ಟು ಚಂದ, ಎರಡನೆಯ ಉಸಿರು, ಬೆರಳು ಗಾಳಿಯಲ್ಲಿ, ತುದಿ ಕಪ್ಪು, ಬರುತ್ತದೆ, ದೊಡ್ಡದಾಗುತ್ತದೆ, ಎದುರಿನ ತಟ್ಟೆಯ ಕೆಳಗಿನ ಸಾಲಿನಲ್ಲಿ ಸತ್ತವು ನೇರಳೆಯಾಗಿ ಕುಳಿತಿವೆ, ಉಮ್ಮಾ ಬೇಡ — ಯಾರು ಹೇಳಿದ್ದು, ನಾನೇ, ಜೋರಾಗಿ, ಶೇಖರ ಸರ್ ಆಚೆಯ ಮೇಜಿನಿಂದ ತಲೆಯೆತ್ತಿದರು, ಉಮ್ಮಾ, ಹಚ್ಚಬೇಡಿ, ನಾನು ಹೇಳಿದ್ದು ತಪ್ಪು.

ಪದ್ಯ ನಿಂತಿತು. ಮೂರನೆಯ ಉಸಿರಿನ ಜಾಗದಲ್ಲಿ ಏನೂ ಇಲ್ಲ, ರುಖಿಯಮ್ಮನೂ ಇಲ್ಲ, ಬಳೆಯೂ ಇಲ್ಲ, ಫೋನು ಕಟ್ಟಾಗಿಲ್ಲ, ಸೆಕೆಂಡುಗಳು ಓಡುತ್ತಿವೆ, ಅಲ್ಲಿ ಚಾಪೆಯ ಮೇಲೆ ಅವಳು, ಅವಳ ಮಡಿಲಲ್ಲಿ ತೆರೆದ ಒಂದು ಕಣ್ಣು, ನಡುವೆ ಬೆರಳು, ತುದಿ ಕಪ್ಪು, ಹೊಳೆಯುವ ಕಪ್ಪು, ಮುಂದೆ ಬಾರದೆ, ಹಿಂದೆ ಹೋಗದೆ, ಗಾಳಿಯಲ್ಲಿ, ಬೆರಳು.