ಸುಣ್ಣದ ಬಾಜು

ನಾ ಸುಳ್ಳ ಹೇಳೋ ಮನಷ್ಯಾ ಅಲ್ರಿ. ಜಗಳಗಂಟ ಅನ್ರಿ, ಒಪ್ಪತೀನಿ. ಸಿಟ್ಟ ಮೂಗಿನ ತುದಿಮ್ಯಾಲ ಐತಿ ಅನ್ರಿ, ಅದನ್ನೂ ಒಪ್ಪತೀನಿ. ನನ್ನ ಹೇಂತಿ ಬಷೀರಾ ಕಣ್ಣ ಮುಚ್ಚೋತನಕ ಅದನ್ನ ಅಂದ್ಲು. ಆದ್ರ ಅವತ್ತ ಫೋರ್ಟ್ ಪ್ಯಾಟಿಯೊಳಗಿನ ಹಳೇ ಚರ್ಚಿನ ಛಾವಣಿಮ್ಯಾಲ ನಿಂತು, ಹಾಡಹಗಲ ಹನ್ನೊಂದ ಗಂಟೇಕ, ಮಕ್ತುಮಸಾಬ ಅನ್ನೋ ಅರವತ್ತೇಳ ವರ್ಷದ ಈ ಬಡಿಗ್ಯಾ ಸುಳ್ಳ ಹೇಳಿದ.

ಆಗಿದ್ದಿಷ್ಟ. ಆ ಚರ್ಚಿಗೆ ನೂರಾ ನಲವತ್ತ ವರ್ಷ. ಸಾಗವಾನಿ ತೊಲಿ, ಮಂಗಳೂರ ಹಂಚು. ಮಳಿ ಬಂದ್ರ ಒಳಗ ಬಕೀಟ ಇಡಬೇಕಾಗಿತ್ತು. ಟ್ರಸ್ಟಿನವರು ರಿಪೇರಿ ಕೆಲಸಾನ ಅನಿಕೇತ್ ಅನ್ನೋ ಎಂಜಿನಿಯರ್‌ಗೆ ಒಪ್ಪಿಸಿದ್ರು. ಪವಾಯಿಯ ದೊಡ್ಡ ಎಂಜಿನಿಯರಿಂಗ್ ಕಾಲೇಜಿನಾಗ ಕಲತ ಮರಾಠಿ ಹುಡುಗ, ಹಳೇ ಕಟ್ಟಡ ಅಂದ್ರ ಜೀವಾ ಬಿಡತಾನ. ಚರ್ಚಿನ ಹಳೇ ರಜಿಸ್ಟರಿನಾಗ ನನ್ನ ಹೆಸರ ನೋಡಿ, ಗೋರೆಗಾಂವ್‌ದಾಗಿನ ನನ್ನ ಖೋಲಿತನಕ ಹುಡಿಕ್ಕೊಂಡ ಬಂದಿದ್ದ. ಇಪ್ಪತ್ತೆಂಟ ವರ್ಷದ ಹಿಂದ ಇದ ಛಾವಣಿ ಬಿಚ್ಚಿ ಕಟ್ಟಿದವ ನಾನ ಅಲ್ಲೇನು!

ಹಂಚು ಇಳಿಸಿದ್ವಿ. ಗ್ವಾಡಿ ಮ್ಯಾಲ ಕೂತ ತೊಲಿ ತುದಿ ಎಲ್ಲಾ ಕಂಡ್ವು. ಸಮುದ್ರದ ಬಾಜುದ್ದು ಗಟ್ಟಿಮುಟ್ಟ. ಬಡದ್ರ ಠಣ್ ಅಂತಿತ್ತು. ರಸ್ತಾದ ಬಾಜುದ್ದು ಕರ್ರಗ ಆಗಿ, ಬೆರಳ ಹಾಕಿದ್ರ ಪುಡಿ ಪುಡಿ ಉದರತಿತ್ತು.

ಅನಿಕೇತ್ ಹಿಂದಿಯೊಳಗ ತಿಳಿಸಿ ಹೇಳಿದ: "ನೋಡ್ರಿ ಚಾಚಾ, ಈ ಬಾಜು ತೊಲಿ ತುದಿಗೆ ಸುಣ್ಣಾ ಹಾಕ್ಯಾರ, ಸುತ್ತ ಎರಡ ಬೆರಳ ಗಾಳಿ ಆಡಾಕ ಜಾಗಾ ಬಿಟ್ಟಾರ. ಆ ಬಾಜು ಯಾವನೋ ಸಿಮಿಟ ತುಂಬ್ಯಾನ. ನೀರ ಒಳಗ ಹೋಗಿದ್ದು ಹೊರಗ ಬರಾಕ ದಾರೀನ ಇಲ್ಲ, ಕಟಿಗಿ ಕೊಳತೈತಿ. ಇಬ್ರು ಮಿಸ್ತ್ರಿ ಕೆಲಸಾ ಮಾಡ್ಯಾರಂತ ಬರದೈತಿ, ಹೆಸರು ನಿಮ್ಮದೊಂದ ಐತಿ. ಸುಣ್ಣದ ಬಾಜು ಮಾಡಿದವರ ಕೈಲೇನ ಪೂರಾ ಛಾವಣಿ ಮಾಡಸ್ತೀನಿ. ಸಿಮಿಟ ಹಾಕಿದವ ಸಿಕ್ಕರ ಏಣಿ ಮುಟ್ಟಾಕೂ ಬಿಡಂಗಿಲ್ಲ. ನಿಮ್ಮದು ಯಾವುದು?"

ನಾ ಸಮುದ್ರದ ಬಾಜು ಕೈ ತೋರಿಸಿದೆ.

ಯಾಕ ಅಂತ ಕೇಳಬ್ಯಾಡ್ರಿ. ಕೇಳಿದ್ರ ಹೇಳತೀನಿ. ಬಷೀರಾ ಹೋಗಿ ನಾಲ್ಕ ವರ್ಷ. ಮಗಳು ಜೀನತ ಸೊಲ್ಲಾಪುರದಾಗ ತನ್ನ ಸಂಸಾರದಾಗ ಅದಾಳ. ಖೋಲಿಯೊಳಗ ನಾ ಕೆಮ್ಮಿದ್ರ ಯಾಕ ಅನ್ನೋರಿಲ್ಲ. ಈ ಕೆಲಸಾ ಹೋದ್ರ ಮುಂಜಾನೆ ಎದ್ದು ಎಲ್ಲಿಗೆ ಹೋಗ್ಲಿ? ಹಿಂಗಾಗಿ ಕೈ ತಾನಾ ಆ ಕಡೆ ಹೋತು.

ಸಮುದ್ರದ ಬಾಜು ರಮಾನಾಥಂದು. ಉಡುಪಿ ಕಡಿಯಾಂವ, ಹಂಚಿನ ಕೆಲಸದಾಗ ಅವನ ಸರಿ ಯಾರೂ ಇರಲಿಲ್ಲ. ಹನ್ನೆರಡ ವರ್ಷ ಇಬ್ರೂ ಜೋಡಿ ದುಡದ್ವಿ. ಅವನ ಹೇಂತಿ ವಾರಿಜಾ ಮೀನಸಾರು ಕಳಸಾಕಿ, ಬಷೀರಾ ಖಡಕ ರೊಟ್ಟಿ ಕಳಸಾಕಿ. ಈ ಚರ್ಚಿನ ಕೆಲಸಕ್ಕ ಬಂದಾಗ ಜಗಳ ಹತ್ತಿತು. ನಾ ಸಿಮಿಟ ಅಂದೆ. ಅಂವಾ "ಬೇಡ ಮಾರಾಯ, ಮರ ಕುಂಬಾಗ್ತದೆ, ಉಸಿರಾಡ್ಲಿಕ್ಕೆ ಬಿಡು" ಅಂದ. ಹಂಗಾರ ನಿನ್ನ ಬಾಜು ನೀ ಮಾಡ್ಕೊ, ನನ್ನ ಬಾಜು ನಾ ಮಾಡ್ಕೋತೀನಿ ಅಂತ ಛಾವಣಿ ಹಂಚಿಕೊಂಡ್ವಿ. ನಂದು ಹದಿನೈದ ದಿನಾ ಮೊದಲ ಮುಗೀತು. ಸುಮ್ನ ಇರಬೇಕಿಲ್ಲೋ? ಇಲ್ಲ. ಎಲ್ಲಾ ಮಂದಿ ಮುಂದ ನಿಂತು, "ನೋಡ್ರೋ, ರಮಾನಾಥ ಮಿಸ್ತ್ರಿ ಸುಣ್ಣಕ್ಕ ಬೆಲ್ಲದ ನೀರ ಕುಡಸಾಕತ್ತಾನ, ಇನ್ನ ತೊಟ್ಲಾ ಕಟ್ಟಿ ಜೋಗುಳಾ ಹಾಡತಾನ" ಅಂದೆ. ಮಂದಿ ಹೊಟ್ಟಿ ಹಿಡಕೊಂಡ ನಕ್ಕರು. ಅವಗ ಮಕ್ಕಳಿರಲಿಲ್ಲ. ಆ ಮಾತ ಎಲ್ಲಿ ಹೋಗಿ ನಟ್ಟಿತು ಅಂತ ಬಾಯಿಂದ ಹೊರಬಿದ್ದಮ್ಯಾಲ ತಿಳೀತು. ಅಂವಾ ತನ್ನ ಬಾಜು ಮುಗಿಸಿ, ಕರಣಿ ತೊಳದು ಚೀಲದಾಗ ಇಟಕೊಂಡ ಹೋದ. ಮತ್ತ ಛಾವಣಿ ಹತ್ತಲಿಲ್ಲ. ಅಲ್ಲೇ ಫೋರ್ಟಿನಾಗ ಅವರ ಊರಿನವರ ಹೋಟೆಲಿನ ಅಡಗಿಮನಿ ಸೇರಿದ ಅಂತ ಕೇಳಿದೆ. ನಾ ಆ ಗಲ್ಲಿಗೆ ಹೋಗೋದನ್ನ ಬಿಟ್ಟೆ.

ಸುಳ್ಳ ಹೇಳೋದು ಸಸಾರ ಐತ್ರಿ, ಅದರಂಗ ಕೆಲಸಾ ಮಾಡೋದು ಐತೆಲ್ಲಾ! ಅನಿಕೇತ್ ಸುಣ್ಣಾ, ಇಟ್ಟಂಗಿ ಪುಡಿ, ಬೆಲ್ಲಾ, ಅಳಲೆಕಾಯಿ ಎಲ್ಲಾ ತಂದ ಮುಂದ ಇಟ್ಟು, "ಕಲಸ್ರಿ ಚಾಚಾ" ಅಂದ. ಕಲಸಿದೆ. ಎರಡ ದಿನದಾಗ ಬಿರುಕ ಬಿಟ್ಟಿತು. ಮತ್ತ ಕಲಸಿದೆ, ಉಗುರ ಹಚ್ಚಿದ್ರ ಉದುರಿತು. ಮೂರನೇದಕ್ಕ ಬೆಲ್ಲಾ ಜಾಸ್ತಿ ಆಗಿ ಇರಿವಿ ಮೆರವಣಿಗಿ ಹೊಂಟ್ವು. ರಮಾನಾಥ ಕಲಸೋವಾಗ ನಾ ನಕ್ಕಿದ್ದು ನೆನಪೈತಿ, ಅಂವಾ ಹೆಂಗ ಕಲಸಿದ ಅನ್ನೋದು ನೆನಪಿಲ್ಲ. ಅನಿಕೇತ್ ನನ್ನ ನೋಡೋ ರೀತಿ ಬದಲಾತು. ಜೂನ್ ಮಳಿ ಬರಾಕ ಏಳ ವಾರ ಉಳದಿತ್ತು.

ಎಂಟನೇ ದಿನ ಮಧ್ಯಾಹ್ನ ಆ ಹೋಟೆಲಿಗೆ ಹೋದೆ. ಚರ್ಚಿನಿಂದ ಐದ ನಿಮಿಷದ ದಾರಿ. ಆಫೀಸಿನ ಮಂದಿ ಉಂಡ ಹೋಗಿದ್ರು. ಹಿಂದಿನ ಬಾಗಲದಾಗ ಸ್ಟೂಲಿನಮ್ಯಾಲ ಕೂತ ಒಬ್ಬ ಮುದುಕ ಕೊತ್ತಂಬರಿ ಸೋಸಾಕತ್ತಿದ್ದ. ಬೆನ್ನ ನೋಡೇ ಗುರ್ತ ಹತ್ತಿತು.

"ರಮಾನಾಥ" ಅಂದೆ.

ತಲಿ ಎತ್ತಿ ನೋಡಿದ. ಕೊತ್ತಂಬರಿ ಕೆಳಗ ಇಟ್ಟ. "ಎಂತ ಸಾಯ್ಬ್ರೇ, ದಾರಿ ತಪ್ಪಿತಾ?"

"ಚರ್ಚಿನ ಛಾವಣಿ ಬಿಚ್ಚೀವಿ."

ಅವನ ಮಾರಿನ ಬ್ಯಾರೆ ಆತು. ಎದ್ದ ನಿಲ್ಲಾಕ ಹೋದ, ಮೊಣಕಾಲ ಕೇಳಲಿಲ್ಲ, ಗ್ವಾಡಿ ಹಿಡಕೊಂಡ. "ನನ್ನ ಬದಿ ಹೇಗುಂಟು?"

"ಕಬ್ಬಿಣ ಇದ್ದಂಗ ಐತಿ."

"ಅಲ್ಲಿಯವರಿಗೆ ಗೊತ್ತುಂಟಾ, ಅದು ನಂದು ಅಂತ?"

ಅವನ ಕಣ್ಣ ನೋಡಿ, ಇನ್ನೊಂದ ಸುಳ್ಳ ಬಾಯಿಗೆ ಬಂತು. "ಗೊತ್ತಿಲ್ಲದ ಏನು! ಎಲ್ಲಾರೂ ನಿನ್ನ ಹೆಸರ ಹೇಳಾಕತ್ತಾರ."

ನಕ್ಕ ನೋಡ್ರಿ ಅಂವಾ, ಎಲ್ಲಾ ಹಲ್ಲ ಹೋಗಿದ್ವು. ಒಳಗ ಕೂಗಿ ನನಗ ಕಾಪಿ ತರಿಸಿದ. ನಾ ಕೇಳೋಕಿಂತ ಮೊದಲ ಎಲ್ಲಾ ಹೇಳಿದ. ಅಳಲೆಕಾಯಿ ಜಜ್ಜಿ ಬೆಲ್ಲದ ನೀರಿನಾಗ ಹದಿನೈದ ದಿನಾ ನೆನಸಬೇಕು, ಹುಳಿ ವಾಸನಿ ಬರೋತನಕ ಮುಟ್ಟಬಾರದು. ಹಾಕಿದಮ್ಯಾಲ ಹಸೀ ಗೋಣಿ ಹೊಚ್ಚಿ, ಹಗಲ ನಾಕ ಸಲ ನೀರ ಚಿಮಕಸಬೇಕು. "ಅವಸರ ಮಾಡ್ಬೇಡ, ನಿಂದು ಯಾವಾಗ್ಲೂ ಅವಸರ" ಅಂದ. ಬೈದಂಗ ಅಲ್ಲ, ದಿನಾ ಅಂದಂಗ ಅಂದ. ನಾ ಕಾಪಿ ಅರ್ಧಾ ಬಿಟ್ಟು ಎದ್ದೆ.

ಹೊಳ್ಳಿ ಬರೋವಾಗ ನನ್ನಷ್ಟಕ್ಕ ನಾ ಬೈಕೋಂತ ಬಂದೆ. ಥೂ ನಿನ್ನ, ಮಕ್ತುಮಾ! ಅವನ ಬಾಯಾಗಿಂದ ವಿದ್ಯಾ ಕಸಗೊಂಡಿ, ಅವನ ಹೆಸರನ್ನೂ ನುಂಗತೀ? ಏಣಿ ಬುಡದಾಗ ಅನಿಕೇತ್ ನಿಂತಿದ್ದ. ಉಸಿರ ತೊಗೊಳ್ಳದ ಹೇಳಿಬಿಟ್ಟೆ. "ಸಿಮಿಟ ನಂದು. ಸುಣ್ಣಾ ರಮಾನಾಥಂದು. ಅಂವಾ ಇಲ್ಲೇ ಅದಾನ, ಐದ ನಿಮಿಷದ ದಾರಿ."

ಹುಡುಗ ಏಣಿ ಬಿಟ್ಟು ಬಾಜೂಕ ಸರದ. ಬೈದಿದ್ರ ಛಲೋ ಇತ್ತು, ನಾನೂ ತಿರುಗಿ ನಾಕ ಮಾತ ಆಡತಿದ್ದೆ. "ಚಾಚಾ, ನಿಮ್ಮ ಹತ್ಯಾರ ಇಳಿಸಿಕೊಳ್ರಿ" ಅಂದ, ಅಷ್ಟ. ಮ್ಯಾಲ ಹತ್ತಿ ಉಳಿ, ಬಾಚಿ, ಕೈಗರಗಸ ಚೀಲದಾಗ ತುಂಬಕೊಂಡ ಇಳದೆ. ಐವತ್ತ ವರ್ಷದಾಗ ಅರ್ಧಾ ಕೆಲಸಾ ಬಿಟ್ಟು ಇಳದಿದ್ದಿಲ್ಲ.

ಮರುದಿನ ಅನಿಕೇತ್ ರಮಾನಾಥನ್ನ ಟ್ಯಾಕ್ಸಿಯೊಳಗ ಕರಕೊಂಡ ಬಂದ. ಬರಬಾರದು ಅನಕೊಂಡಿದ್ದೆ, ಖೋಲಿಯೊಳಗ ಕೂಡಾಕ ಆಗಲಿಲ್ಲ, ಹತ್ಯಾರದ ಚೀಲಾ ಹೆಗಲಿಗೆ ಹಾಕ್ಕೊಂಡ ಬಂದು ಕಂಪೌಂಡಿನ ಮೂಲ್ಯಾಗ ನಿಂತಿದ್ದೆ. ಫಾದರ್ ಬಂದು ಅವನ ಕೈ ಹಿಡಕೊಂಡ್ರು. ಮಂದಿ ಸುತ್ತುಗಟ್ಟಿದ್ರು. ಪ್ಲಾಸ್ಟಿಕ್ ಕುರ್ಚಿ ತಂದು, ಹೊಸಾ ಸುಣ್ಣದ ಹೊಂಡದ ಮುಂದ ಅವನ್ನ ಕೂಡಿಸಿದ್ರು. ಅಂವಾ ಹೇಳೋದೆಲ್ಲಾ ಅನಿಕೇತ್ ಬರಕೊಂಡ. ಛಾವಣಿ ಅವನ ಸುಣ್ಣದಲೇ ಆಗೋದಂತ ಗಟ್ಟಿ ಆತು.

ಎಲ್ಲಾರೂ ಕೆಲಸಕ್ಕ ಹೋದಮ್ಯಾಲ ರಮಾನಾಥ ನನ್ನ ಕರದ. ಅವನ ಕಾಲಹತ್ತಿರ ನನ್ನ ಬಾಜುದ್ದು ಕೊಯ್ದ ತೊಲಿ ತುದಿ ಬಿದ್ದಿದ್ವು. ಒಂದನ್ನ ಎತ್ತಿ ಹಿಚುಕಿದ, ಮುಷ್ಟಿಯೊಳಗ ಹುಡಿ ಆತು.

"ಅನಿಕೇತ್ ಎಲ್ಲಾ ಹೇಳಿದ" ಅಂದ.

"ತಪ್ಪ ಆತು, ರಮಾನಾಥ. ಅವತ್ತಿನದೂ, ನಿನ್ನಿದೂ."

"ನಂದೂ ಒಂದುಂಟು, ಕೇಳು." ಅಂವಾ ಹುಡಿ ಕೊಡವಿದ. "ಇದು ಕುಂಬಾಗ್ತದೆ ಅಂತ ನಂಗೆ ಗೊತ್ತಿತ್ತು. ಫಾದರಿಗೆ ಬಂದು ಹೇಳ್ಬಹುದಿತ್ತು. ಮರುವರ್ಷವೇ ಹೇಳಿದ್ರೆ ಇಷ್ಟೂ ಮರ ಉಳೀತಿತ್ತು. ಹೇಳ್ಲಿಲ್ಲ ಮಾರಾಯ. ಪ್ರತಿ ಮಳೆಗಾಲ ಈ ರಸ್ತೆಗೆ ಬಂದು ಕತ್ತೆತ್ತಿ ನೋಡಿ ಹೋಗ್ತಿದ್ದೆ. ಹಾಳಾಗ್ಲಿ, ಮಕ್ತುಮನ ಮರ್ಯಾದೆ ಎಲ್ಲರ ಎದುರು ಹೋಗ್ಲಿ ಅಂತ. ಇಪ್ಪತ್ತೆಂಟು ವರ್ಷ ಕಾದೆ. ಈಗ ಆಯ್ತಲ್ಲ. ಒಂದು ಚೂರೂ ಖುಷಿ ಆಗ್ತಾ ಇಲ್ಲ."

ಏನರ ಕೇಳಬೇಕಂತ ಕೇಳಿದೆ. "ವಾರಿಜಾ ತಂಗಿ ಹೆಂಗದಾಳ?"

"ಹೋಗಿ ಆರು ವರ್ಷ ಆಯ್ತು." ಅಂವಾ ಕೇಳಿದ, "ಬಷೀರಾ?"

"ನಾಕ ವರ್ಷ."

ಅಂವಾ ಹೂಂ ಅಂದ. ವಾರಿಜಾನ ಮಣ್ಣಿಗೆ ನಾ ಹೋಗಲಿಲ್ಲ, ಬಷೀರಾನ ಮಣ್ಣಿಗೆ ಅಂವಾ ಬರಲಿಲ್ಲ. ದಿನಾ ಈ ಗಲ್ಲಿಯೊಳಗ ಇದ್ದಾಂವ ಅಂವಾ, ದಿನಾ ಲೋಕಲ್ ರೈಲ ಹತ್ತಿ ಈ ಕಡೆ ಬರತಿದ್ದಾಂವ ನಾನು. ಸಿಟ್ಟ ಮಾಡಾಕ ಯಾರೂ ಸಿಗಲಿಲ್ಲ. ಚೀಲಾ ಕೆಳಗ ಇಟ್ಟು ಅವನ ಕುರ್ಚಿ ಬಾಜೂಕ ನೆಲದಮ್ಯಾಲ ಕೂತೆ. ಮ್ಯಾಲ ಬ್ಯಾರೆ ಮಂದಿ ಹೊಸಾ ತೊಲಿ ಏರಸಾಕತ್ತಿದ್ರು.